ಬೆಂಕಿ ಸಾಹೇಬರಿಗೆ ಕಾಗದ ಕೇಳದ ಹೆಡ್‌ಮಾಸ್ತರರು

ಬನ್ನಿ, ಹತ್ತಿರ ಕೂತುಕೊಳ್ಳಿ, ಒಂದು ಕಥೆ ಹೇಳುತ್ತೇನೆ. ನಗು ಬಂದರೆ ತಡೆಯಬೇಡಿ. ನಡುವೆ ನಾಚಿಕೆಯಾದರೂ ತಲೆ ತಗ್ಗಿಸಬೇಡಿ. ಆ ಕೆಲಸವನ್ನು ನಮ್ಮೆಲ್ಲರ ಪರವಾಗಿ ವಾಡಿಯ ಆನಂದತೀರ್ಥ ಮಾಸ್ತರರು ಆಗಲೇ ಮಾಡಿ ಮುಗಿಸಿದ್ದಾರೆ.

ಆನಂದತೀರ್ಥರು ಒಂದು ಖಾಸಗಿ ಕನ್ನಡ ಶಾಲೆಯ ಹೆಡ್‌ಮಾಸ್ತರರು. ಊರವರು ಇಟ್ಟ ಹೆಸರು ‘ಕಾಗದದ ಮಾಸ್ತರ’. ಕಾಗದವಿಲ್ಲದೆ ಅವರ ಶಾಲೆಗೆ ನೊಣವೂ ದಾಖಲಾಗುವಂತಿರಲಿಲ್ಲ. ಜನನ ಪತ್ರ ಬೇಕು, ಪತ್ರಕ್ಕೆ ಮೊಹರು ಬೇಕು, ಮೊಹರಿನ ಅಕ್ಷರ ಕನ್ನಡಕವಿಲ್ಲದೆ ಕಾಣಬೇಕು. ಅದರಲ್ಲಿ ಅವರಿಗೆ ಹೆಮ್ಮೆಯೂ ಇತ್ತು.

ಎರಡು ಸಾವಿರದ ಐದನೇ ಇಸವಿ, ಜೂನ್ ತಿಂಗಳು. ಭೀಮಶ್ಯಾ ಎಂಬುವವರು ಮಗ ಸಾಯಿಕುಮಾರನನ್ನು ಒಂದನೇ ಇಯತ್ತೆಗೆ ಸೇರಿಸಲು ಮೂರನೆಯ ಸಲ ಬಂದು ನಿಂತಿದ್ದರು. ಮೈಮೇಲೆ ಸಿಮೆಂಟ್ ಕಾರ್ಖಾನೆಯ ಬೂದು ಧೂಳು. ಮಾಸ್ತರರ ಎದುರು ಕುರ್ಚಿ ಖಾಲಿಯೇ ಇತ್ತು. ಕುಂದ್ರಿ ಎಂದು ಅವರು ಹೇಳಲಿಲ್ಲ.

“ಮೊಹರು ಮಸುಕಾಗ್ಯದ. ಗುಂಡಗುರ್ತಿ ಪಂಚಾಯ್ತಿಗೆ ಹೋಗಿ ಹೊಸಾದು ಮಾಡಿಸ್ಕೊಂಡು ಬರ್ರಿ.”

“ಸರ್, ಎರಡು ದಿನದ ಪಗಾರ ಹೋಗ್ತದರಿ.”

“ಕಾಯ್ದೆ ಅಂದ್ರ ಕಾಯ್ದೆ.”

ಭೀಮಶ್ಯಾ ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಹೊರಟವರು ಬಾಗಿಲಲ್ಲಿ ನಿಂತು, ಹಿಂದಿರುಗಿ ಹೇಳಿದರು. “ಸರ್, ಒಂದು ಮಾತು. ನಿಮ್ಮ ಮೆಟ್ಲ ಕೆಳಗ ಬಿಸಿಯೂಟದ ಗ್ಯಾಸ್ ಸಿಲಿಂಡರ್ ಅವ, ಬಾಜೂಕ ಚೀಲ, ಹಳೇ ಪೇಪರ್, ಸೀಮೆಎಣ್ಣಿ ಡಬ್ಬಿ. ಮ್ಯಾಲ ಮಕ್ಳು ಕುಂದರ್ತಾವ. ಇಳೀಲಿಕ್ಕೆ ತೆರೆದಿರೋದು ಅದೊಂದೇ ಮೆಟ್ಲ. ಭಾಳ ಧೋಕಾ ಅದರಿ, ಜೀವಕ್ಕ ಅಪಾಯ.”

ಮಾಸ್ತರರಿಗೆ ನಗು ಬಂತು. “ಏ, ಶಹಾಬಾದ್ ಕಲ್ಲಿನ ಕಟ್ಟಡ ಇದು. ಗ್ವಾಡಿ ಕಲ್ಲು, ನೆಲ ಫರಸಿ, ಮ್ಯಾಲಿನ ಛತ್ತೂ ಫರಸಿ. ಕಲ್ಲಿಗೆ ಬೆಂಕಿ ಹತ್ತತದೇನು? ನಿಮ್ಮ ಕೆಲಸ ನೀವು ನೋಡ್ಕೋರಿ.”

ಈ ಮಾತು ಅವರೊಬ್ಬರದಲ್ಲ. ಶಹಾಬಾದಿನಿಂದ ಸೇಡಮ್ಮಿನವರೆಗೆ ಫರಸಿಕಲ್ಲು ಹಾಸಿದ ಮನೆಯಲ್ಲಿ ಹುಟ್ಟಿದವರೆಲ್ಲ ಹೇಳುವ ಮಾತೇ. ಭೀಮಶ್ಯಾ ಮೆಟ್ಟಿಲ ಕೆಳಗೆ ಇನ್ನೊಮ್ಮೆ ನೋಡಿ ಹೋದರು.

ಹಿಂದಿನ ವರ್ಷ ತಮಿಳುನಾಡಿನ ಶಾಲೆಯೊಂದರಲ್ಲಿ ಬೆಂಕಿಗೆ ಮಕ್ಕಳು ಬಲಿಯಾಗಿದ್ದ ಸುದ್ದಿಯನ್ನು ಎಲ್ಲರೂ ಪೇಪರಿನಲ್ಲಿ ಓದಿದ್ದರು. ಕಟ್ಟಡಕ್ಕೆ ಬೆಂಕಿಯ ಅಪಾಯ ಎಷ್ಟಿದೆ ಎಂದು ತಿಳಿದವರಿಂದ ನೋಡಿಸಿ ಎಂದು ಶಾಲೆಯ ಕಮಿಟಿ ಮಾಸ್ತರರಿಗೆ ಹೇಳಿತ್ತು. ಮಾಸ್ತರರು ಹೇಳಿಕಳಿಸಿದ ವಾರದಲ್ಲೇ ಬೆಂಕಿ ಸಾಹೇಬರ ಜೀಪು ಬಂತು. ಸಫಾರಿ ಸೂಟು, ಕಪ್ಪು ಕನ್ನಡಕ, ಬಾಯಲ್ಲಿ ಇಂಗ್ಲಿಷ್. “ಚಿತ್ತಾಪುರ, ಚಿಂಚೋಳಿ, ಎಲ್ಲಾ ಸಾಲಿ ನಾನೇ ನೋಡೀನಿ” ಎಂದರು ಸಾಹೇಬರು. ಕುರ್ಚಿಗೆ ಟವೆಲ್ ಹಾಸಲಾಯಿತು. ಉಪ್ಪಿಟ್ಟು ಬಂತು, ಚಹಾ ಬಂತು. ಸಾಹೇಬರು ಮೆಟ್ಟಿಲು ಹತ್ತಲೇ ಇಲ್ಲ. ಗೋಡೆಗೆ ಎರಡು ಸಲ ಗುದ್ದಿ, “ಸ್ಟೋನ್! ನೋ ಪ್ರಾಬ್ಲಮ್” ಎಂದು ಒಂದು ಹಾಳೆಗೆ ಸಹಿ ಹಾಕಿ, ದುಂಡು ಮೊಹರು ಒತ್ತಿ, ಬೆಂಕಿ ಆರಿಸುವ ಎರಡು ಕೆಂಪು ಸಿಲಿಂಡರ್ ಮಾರಿ ಹೋದರು. ಮಾಸ್ತರರು ಆ ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು.

ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುವ ಶ್ರೀವಾಣಿ ಮಾಸ್ತರರ ಅಣ್ಣನ ಮಗಳು. ಕಟ್ಟಿನ ಮುಂದೆ ಬಹಳ ಹೊತ್ತು ನಿಂತಳು.

“ಕಾಕಾ, ಇವರ ಹೆಸರೇನು?”

“ಸಹಿ ಅದಲ್ಲ, ಓದು.”

“ಸಹಿ ಅಲ್ಲ ಇದು, ಜಿಲೇಬಿ. ಇವರು ಬೆಂಕಿ ಬಗ್ಗೆ ಎಲ್ಲಿ ಕಲ್ತಾರ? ಪರೀಕ್ಷೆ ಪಾಸಾಗ್ಯಾರೇನು? ಯಾವ ಸಂಸ್ಥೆ ಪಟ್ಟಿಯೊಳಗ ಇವರ ಹೆಸರದ? ನೀವು ಕೇಳಲಿಲ್ಲೇನು?”

“ಮನಿಗೆ ಬಂದ ದೊಡ್ಡ ಮನುಷ್ಯಾಗ ನಿನ್ನ ಕಾಗದ ತೋರ್ಸು ಅಂತ ಕೇಳ್ತಾರೇನವ್ವಾ? ಮರ್ಯಾದಿ ಬ್ಯಾಡೇನು?”

“ಸಾಯಿಕುಮಾರನ ಅಪ್ಪಗ ಕೇಳಿದ್ರೆಲ್ಲ.”

“ಅದು ಬ್ಯಾರೆ.”

ಶ್ರೀವಾಣಿ ಜಗಳಕ್ಕಿಂತ ಚೇಷ್ಟೆಯನ್ನೇ ಹೆಚ್ಚು ನಂಬುವ ಹುಡುಗಿ.

ಶಹಾಬಾದಿನಲ್ಲಿ ಅಬ್ದುಲ್ ಗನಿ ಎಂಬ ಮೈಕಿನವನಿದ್ದ. ಆಟೋದಲ್ಲಿ ಕೂತು ಸರ್ಕಸ್ಸಿನಿಂದ ಸಂತೆಯವರೆಗೆ ಎಲ್ಲವನ್ನೂ ಸಾರುವವನು. ಅವನ ದನಿ ಕೇಳದವರಿರಲಿಲ್ಲ, ಮುಖ ನೋಡಿದವರು ಕಡಿಮೆ. ಸ್ಟೇಷನ್ ಮಾಸ್ತರ, ತಹಶೀಲ್ದಾರ, ಎಮ್ಮೆ, ಕೆಟ್ಟುಹೋದ ಡೀಸೆಲ್ ಇಂಜಿನ್, ಯಾರ ದನಿ ಬೇಕೋ ಆ ದನಿ ತೆಗೆಯುತ್ತಿದ್ದ. ಶ್ರೀವಾಣಿ ಹೋಗಿ ಅವನನ್ನು ಕಂಡಳು.

ಮುಂದಿನ ಸೋಮವಾರ ಶಾಲೆಗೆ ಇನ್ನೊಬ್ಬ ಸಾಹೇಬರು ಬಂದರು. ಕೋಟು, ಟೈ, ಕೊರಳಲ್ಲಿ ಡಾಕ್ಟರರ ಸ್ಟೆತಸ್ಕೋಪಿನ ನಳಿಗೆ. “ಐ ಯಾಮ್ ಫಾಯರ್ ಆಫೀಸರ್, ರೀ-ಚೆಕ್ಕಿಂಗ್!” ಎಂದು ಗುಡುಗಿದರು. ಮತ್ತೆ ಟವೆಲ್, ಮತ್ತೆ ಉಪ್ಪಿಟ್ಟು. ಸಾಹೇಬರು ಗೋಡೆಗೆ ನಳಿಗೆ ಇಟ್ಟು ಕಣ್ಣು ಮುಚ್ಚಿ ಕೇಳಿದರು.

“ಗ್ವಾಡಿಗೆ ಜ್ವರ ಇಲ್ಲ.”

“ಇಲ್ರಿ ಸಾಹೇಬ್ರ” ಎಂದರು ಮಾಸ್ತರರು.

ಡಸ್ಟರ್ ಮೂಸಿ ನೋಡಿದರು. ಶಾಲೆಯ ಗಂಟೆಗೆ ಟೇಪು ಹಿಡಿದು ಅಳೆದರು. ಉಪ್ಪಿಟ್ಟಿನ ಒಂದು ಮೆಣಸಿನಕಾಯಿ ಕಚ್ಚಿ, “ಇಡೀ ಬಿಲ್ಡಿಂಗ್‌ನಾಗ ಬೆಂಕಿ ಇರೋದು ಇಲ್ಲೊಂದೇ ಕಡಿ” ಎಂದರು. ಮಾಸ್ತರರು ಎಲ್ಲಕ್ಕೂ “ಹೌದ್ರಿ, ಹೌದ್ರಿ” ಎನ್ನುತ್ತಾ ಬೆನ್ನ ಹಿಂದೆ ನಡೆದರು. ಕೊನೆಗೆ ಸಾಹೇಬರು ಚಾಚಿದ ಹಾಳೆಯ ಕೆಳಗೆ ಮಾಸ್ತರರು ಓದದೆಯೇ ‘ಪರಿಶೀಲಿಸಿ ಒಪ್ಪಿದೆ’ ಎಂದು ಬರೆದು, ಸಹಿ ಮಾಡಿ, ಶಾಲೆಯ ಮೊಹರನ್ನೂ ಒತ್ತಿದರು.

“ಕಾಕಾ, ಜರಾ ಜೋರಾಗಿ ಓದ್ರಿ, ನಾವೂ ಕೇಳ್ತೀವಿ” ಎಂದಳು ಶ್ರೀವಾಣಿ.

ಮಾಸ್ತರರು ಓದತೊಡಗಿದರು. “ನಾನು ಅಬ್ದುಲ್ ಗನಿ, ಮೈಕಿನವನು. ಬೆಂಕಿಯ ಬಗ್ಗೆ ನನಗೆ ಗೊತ್ತಿರುವುದು ಬೀಡಿ ಹಚ್ಚುವಷ್ಟು ಮಾತ್ರ. ಈ ಶಾಲೆ ಸುರಕ್ಷಿತವಾಗಿದೆ ಎಂದು ಧೈರ್ಯವಾಗಿ…” ದನಿ ಅಲ್ಲಿಗೇ ನಿಂತಿತು.

ಗನಿ ಟೈ ಸಡಿಲಿಸಿ ರೈಲ್ವೆ ಮೈಕಿನ ದನಿಯಲ್ಲಿ, “ಯಾತ್ರಿಗಳ ಗಮನಕ್ಕೆ, ಫಾಯರ್ ಸಾಹೇಬ್ರು ಈಗ ಹೊರಡಲಿದ್ದಾರೆ” ಎಂದ. ಸ್ಟಾಫ್ ರೂಮಿಗೆ ರೂಮೇ ನಕ್ಕಿತು.

ಮಾಸ್ತರರು ನಗಲಿಲ್ಲ. ಕೈಯಲ್ಲಿ ಹಾಳೆ, ಹಾಳೆಯ ಮೇಲೆ ತಮ್ಮದೇ ಮೊಹರು. ಒಂದಕ್ಷರವೂ ಮಸುಕಾಗಿರಲಿಲ್ಲ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಆ ಇನ್ನೊಂದು ಹಾಳೆ. ಎದ್ದು ಹೋಗಿ ಅದನ್ನು ಇಳಿಸಿ, ಕನ್ನಡಕ ಹಾಕಿಕೊಂಡು ಮೊದಲ ಬಾರಿಗೆ ಅದರ ದುಂಡು ಮೊಹರನ್ನು ಓದಿದರು. ಯಾವ ಇಲಾಖೆಯದೂ ಅಲ್ಲ, ಯಾವ ಸಂಸ್ಥೆಯದೂ ಅಲ್ಲ. ಬೆಂಕಿ ಆರಿಸುವ ಸಾಮಾನು ಮಾರುವ ಅಂಗಡಿಯದು.

“ಕಾಕಾ, ಸಿಟ್ಟಾದ್ರೇನು?” ಶ್ರೀವಾಣಿಯ ದನಿ ಸಣ್ಣದಾಗಿತ್ತು.

“ನಿನ್ನ ಮ್ಯಾಲ ಅಲ್ಲವ್ವಾ” ಎಂದರು ಅವರು. ಮೇಲಿನ ಕೋಣೆಯಲ್ಲಿ ಎಂಬತ್ತು ಮಕ್ಕಳು ಮಗ್ಗಿ ಹೇಳುತ್ತಿದ್ದರು. ಆ ದನಿ ಮೆಟ್ಟಿಲಿಳಿದು ಬರುತ್ತಿತ್ತು, ಸಿಲಿಂಡರಿನ ಪಕ್ಕದಿಂದಲೇ. “ಆವತ್ತು ಒಬ್ಬಾವ ಖರೆ ಮಾತು ಹೇಳಿದ. ನಾ ಅವಗ ಕುಂದ್ರಿ ಅಂತ ಸುದ್ದಾ ಅನ್ನಲಿಲ್ಲ.”

“ಭೀಮಶ್ಯಾ ಅವರೇನು? ಅವರು ಕಾರ್ಖಾನಿ ಫಾಯರ್ ದಳದಾಗ ಇದ್ದಾರ ಕಾಕಾ. ಕಟ್ಟಡಕ್ಕ ಬೆಂಕಿ ಧೋಕಾ ಎಷ್ಟದ ಅಂತ ಅಳಿಯೋದನ್ನ ನಾಗಪುರಕ್ಕ ಹೋಗಿ ಕಲ್ತು ಬಂದಾರ. ಮಗನ ಅರ್ಜಿಯೊಳಗ ಬರದಾರ, ನೀವು ಮೊಹರು ಅಷ್ಟೇ ನೋಡಿದ್ರಿ.”

ಮಾಸ್ತರರು ಕಪಾಟಿನಿಂದ ಆ ಅರ್ಜಿ ತೆಗೆದು ಪೂರ್ತಿ ಓದಿದರು. ಸಂಜೆ ಕಾರ್ಖಾನೆ ಗೇಟಿನಾಚೆಯ ಓಣಿಗೆ ತಾವೇ ನಡೆದು ಹೋದರು. ಭೀಮಶ್ಯಾರ ಹೆಂಡತಿ ಅನಸುಬಾಯಿ ಬಾಗಿಲಲ್ಲೇ ಕುರ್ಚಿ ಹಾಕಿ, “ಕುಂದ್ರಿ ಸರ್” ಎಂದಳು. ಆ ಎರಡು ಮಾತು ಅವರಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿದವು. ಕೂರಲಾಗಲಿಲ್ಲ.

“ನನ್ನದು ತಪ್ಪಾಗ್ಯದ ಭೀಮಶ್ಯಾ. ಸಫಾರಿ ಸೂಟಿನಾವ ಬಂದಾಗ ಕಾಗದ ಕೇಳದೇ ನಂಬಿದೆ. ಸಾಲಿಗೆ ಬಂದು ಒಮ್ಮಿ ನೋಡ್ರಿ.”

“ಬರ್ತೀನಿ ಸರ್. ಆದಿತ್ವಾರ ಬರ್ತೀನಿ, ಮಕ್ಳು ಇರಲ್ಲ.”

ಭಾನುವಾರ ಭೀಮಶ್ಯಾ ಬಂದರು. ಮಾಸ್ತರರು ತಮ್ಮ ಕೈಯಾರೆ ಕುರ್ಚಿ ಎಳೆದು ಕೊಟ್ಟರು. ಕೂತವರೇ ಭೀಮಶ್ಯಾ ಒಂದು ಫೈಲು ಬಿಚ್ಚಿ ಮೇಜಿನ ಮೇಲಿಟ್ಟರು.

“ಬ್ಯಾಡ್ರಿ, ನಿಮಗ ಕಾಗದ ಕೇಳೋ ಮುಖ ನನಗಿಲ್ಲ.”

“ಕೇಳಬೇಕ್ರಿ ಸರ್. ನನ್ನ ಮಗಗ ಕಾಗದ ಕೇಳಿದ್ದು ತಪ್ಪಲ್ಲ. ಸಫಾರಿ ನೋಡಿ ಕೇಳೋದು ಬಿಟ್ರಿ, ಅದು ತಪ್ಪು. ಇದು ನಾನು ಪಾಸಾದ ಸರ್ಟಿಫಿಕೇಟ್. ಇದು ನೋಂದಣಿ ನಂಬರ್. ಎಲ್ಲಿತನಕ ಚಾಲ್ತಿ ಅದ ಅಂತ ಇಲ್ಲಿ ತಾರೀಖು ಅದ. ಯಾವ ನಮೂನಿ ಕಟ್ಟಡ ನೋಡಲಿಕ್ಕೆ ನಾ ಲಾಯಕ್ ಅಂತ ಇಲ್ಲಿ ಬರದಾರ. ಕಾಗದ ಯಾರು ಬೇಕಾದ್ರೂ ಛಾಪಿಸ್ತಾರ ಸರ್. ಅದಕ್ಕ ಅದನ್ನ ಕೊಟ್ಟ ಸಂಸ್ಥೆಗೇ ಫೋನ್ ಹಚ್ಚಿ, ಇಂಥಾವ ನಿಮ್ಮ ಪಟ್ಟಿಯೊಳಗ ಇದ್ದಾನೇನು ಅಂತ ಕೇಳಬೇಕು. ಫೋನ್ ನಂಬರ್ ನಾ ಕೊಟ್ಟದ್ದು ಬ್ಯಾಡ. ಅಗ್ನಿಶಾಮಕ ಠಾಣ್ಯಾಗ ಕೇಳಿ ತಗೋರಿ.”

ಶ್ರೀವಾಣಿ ನಂಬರು ತಂದು ಸೋಮವಾರ ಎಸ್‌ಟಿಡಿ ಬೂತಿನಿಂದ ಕೇಳಿದಳು. ಹೆಸರಿತ್ತು, ನಂಬರಿತ್ತು, ತಾರೀಖೂ ತಾಳೆಯಾಯಿತು. ಆಮೇಲೆಯೇ ಭೀಮಶ್ಯಾ ಕೆಲಸಕ್ಕೆ ಕೈ ಹಾಕಿದ್ದು, ಅದರ ಮುಂದಿನ ಭಾನುವಾರ.

ಅವರು ಗೋಡೆ ಗುದ್ದಲಿಲ್ಲ. ನೆಟ್ಟಗೆ ಮೆಟ್ಟಿಲು ಹತ್ತಿ ಮೇಲಿನ ಪಡಸಾಲೆಯ ತುದಿಗೆ ಹೋದರು. ಅಲ್ಲೊಂದು ಹಿಂಬಾಗಿಲು. ಆಚೆ ಕಲ್ಲಿನ ಮೆಟ್ಟಿಲು ಅಂಗಳಕ್ಕಿಳಿಯುತ್ತದೆ. ಮಕ್ಕಳು ರೈಲು ನೋಡಲು ಓಡಿಹೋಗುತ್ತಾರೆಂದು ಆರು ವರ್ಷದಿಂದ ಅದಕ್ಕೆ ಕೀಲಿ ಜಡಿದಿತ್ತು.

“ಕೀಲಿಕೈ ಎಲ್ಲದ ಸರ್?”

ಮಾಸ್ತರರ ಕೈ ತಾನಾಗಿ ಅಂಗಿಯೊಳಗೆ ಹೋಯಿತು. ಮನೆಯ ಕಪಾಟು, ಶಾಲೆಯ ಕಪಾಟು, ಹಿಂಬಾಗಿಲು, ಮೂರರ ಕೀಲಿಕೈಯೂ ಅವರ ಜನಿವಾರಕ್ಕೇ ಕಟ್ಟಿದ್ದವು. ತಂದೆಯ ಕಾಲದಿಂದ ಬಂದ ರೂಢಿ.

“ನೀವು ಊರಾಗ ಇಲ್ಲದ ದಿನ?” ಎಂದರು ಭೀಮಶ್ಯಾ.

ಮಾಸ್ತರರು ಕೀಲಿಕೈಗಳನ್ನು ಮತ್ತೆ ಅಂಗಿಯೊಳಗೆ ಸೇರಿಸಿದರು.

ಭೀಮಶ್ಯಾ ಸಿಲಿಂಡರುಗಳನ್ನೂ ಸೀಮೆಎಣ್ಣೆಯನ್ನೂ ಅಂಗಳಕ್ಕೆ ಸಾಗಿಸಿ, ಮೆಟ್ಟಿಲ ಬುಡದಲ್ಲಿ ತಗಡಿನ ಪುಟ್ಟಿಯಲ್ಲಿ ನಾಲ್ಕು ಕೆಂಡ ಹಾಕಿ ಮುಷ್ಟಿ ಲೋಬಾನ ಉದುರಿಸಿದರು. ಪಕ್ಕದಲ್ಲೇ ನೀರಿನ ಕೊಡ. “ಸರ್, ಇದು ಬರೇ ಲೋಬಾನ. ಜೀವಕ್ಕೇನೂ ಆಗಲ್ಲ. ನೀವು ಮ್ಯಾಲ ನಿಂತು ಹಿಂದಿನ ಬಾಗಿಲು ತೆಗೀರಿ, ಅಷ್ಟೇ.”

ಹೊಗೆ ಮೆಟ್ಟಿಲನ್ನೇ ಚಿಮಣಿ ಮಾಡಿಕೊಂಡು ಮೇಲೇರಿತು. ಕಲ್ಲು ಸುಡಲಿಲ್ಲ, ನಿಜ. ಆದರೆ ಕಲ್ಲು ಹೊಗೆಯನ್ನು ಹೊರಗೂ ಬಿಡಲಿಲ್ಲ. ಮಾಸ್ತರರು ಕೀಲಿಕೈ ಹಾಕಿದರು. ಜನಿವಾರದ ದಾರ ಗಿಡ್ಡ, ಕೀಲಿಯ ಮಟ್ಟಕ್ಕೆ ಬಾಗಿ ನಿಲ್ಲಬೇಕು. ಆರು ವರ್ಷದ ತುಕ್ಕು, ಕೀಲಿಕೈ ತಿರುಗಲೊಲ್ಲದು. ಕಣ್ಣು ಉರಿಯಿತು, ಕೆಮ್ಮು ಬಂತು. ಬೆನ್ನ ಹಿಂದೆ ಹೊಗೆಯೊಳಗಿಂದ ಭೀಮಶ್ಯಾರ ದನಿ ಕೇಳಿತು. “ಈಗ ನಿಮ್ಮ ಹಿಂದ ಎಂಬತ್ತು ಮಕ್ಳು ನಿಂತಾರ ಅಂತ ತಿಳ್ಕೋರಿ ಸರ್.”

ಮಾಸ್ತರರು ಬಾಗಿಲಿಗೆ ಹಣೆ ಹಚ್ಚಿ ನಿಂತುಬಿಟ್ಟರು. ಭೀಮಶ್ಯಾ ಕೆಂಡಕ್ಕೆ ನೀರು ಹುಯ್ದು, ಅವರ ಕೈ ಹಿಡಿದು ಕೆಳಗಿಳಿಸಿದರು. ಶ್ರೀವಾಣಿ ಕಾದಿದ್ದ ಅಂಗಳದಲ್ಲಿ ಮಾಸ್ತರರ ಕಣ್ಣಿಂದ ಬಹಳ ಹೊತ್ತು ನೀರು ಸುರಿಯಿತು. ಲೋಬಾನದ ಹೊಗೆ ಅಷ್ಟು ಹೊತ್ತು ಉರಿಸುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

ಭೀಮಶ್ಯಾ ಮೂರು ಪುಟದ ವರದಿ ಬರೆದರು. ಸಿಲಿಂಡರಿಗೆ ಅಂಗಳದಲ್ಲಿ ಬೇರೆ ಗೂಡಾಯಿತು. ಮೆಟ್ಟಿಲ ಕೆಳಗಿನ ಜಾಗ ಖಾಲಿಯಾಯಿತು. ಹಿಂಬಾಗಿಲಿನ ಕೀಲಿ ಹೋಗಿ, ಮಕ್ಕಳ ಕೈಗೆಟಕುವ ಚಿಲಕ ಬಂತು. ಹೊರಗೆ ಓಡದಂತೆ ಕಾಯಲು ಅಂಗಳದ ಗೇಟಿನಲ್ಲಿ ಒಬ್ಬ ಶಿಕ್ಷಕರ ಪಾಳಿ. ತಿಂಗಳಿಗೊಮ್ಮೆ ಗಂಟೆ ಹೊಡೆದು ಎಲ್ಲರನ್ನೂ ಇಳಿಸುವ ಅಭ್ಯಾಸವೂ ಶುರುವಾಯಿತು. ಸಾಯಿಕುಮಾರನ ದಾಖಲಾತಿಯೂ ಆಯಿತು. ಮಸುಕಾದ ಮೊಹರನ್ನು ಗುಂಡಗುರ್ತಿಗೆ ಪತ್ರ ಬರೆದು ಮಾಸ್ತರರೇ ತಾಳೆ ನೋಡಿದರು.

ಕೇಳುತ್ತಿರುವ ಅಕ್ಕ, ತಂಗಿ, ಅಣ್ಣ, ತಮ್ಮಂದಿರೇ, ನಿಮ್ಮ ಮಗುವಿನ ಶಾಲೆಗೆ, ನೀವು ದುಡಿಯುವ ಗೋದಾಮಿಗೆ, ಮದುವೆಗೆ ಹಿಡಿದ ಛತ್ರಕ್ಕೆ ಯಾರಾದರೂ ‘ಬೆಂಕಿಯ ಭಯವಿಲ್ಲ’ ಎಂದು ಬರೆದು ಕೊಟ್ಟಿದ್ದರೆ, ಬರೆದವರು ಯಾರೆಂದು ಕೇಳಿ. ಎಲ್ಲಿ ಕಲಿತರು, ಯಾವ ಪರೀಕ್ಷೆ ಪಾಸಾದರು, ಯಾವ ಪಟ್ಟಿಯಲ್ಲಿ ಹೆಸರಿದೆ, ನೋಂದಣಿ ಇಂದಿಗೂ ಚಾಲ್ತಿಯಲ್ಲಿದೆಯೇ ಎಂದು ಕೇಳಿ. ಕಾಗದ ತೋರಿಸಿದರೆ ಅದನ್ನು ಕೊಟ್ಟವರಿಗೇ ಫೋನು ಮಾಡಿ. ಬಲ್ಲವರಿಗೆ ಸಿಟ್ಟು ಬರುವುದಿಲ್ಲ. ಸಿಟ್ಟು ಬಂದರೆ ಉಪ್ಪಿಟ್ಟು ಕೊಡಿ, ಸಹಿ ಮಾತ್ರ ಕೊಡಬೇಡಿ.

ಕೇಳಲು ಸಂಕೋಚವಾದರೆ ಅದೇ ಆಗಸ್ಟಿನಲ್ಲಿ ಆ ಶಾಲೆಯಲ್ಲಿ ನಡೆದ ಪಾಲಕರ ಸಭೆಯ ಸಂಗತಿ ಕೇಳಿ. ಮೈಕು ಜೋಡಿಸಲು ಅಬ್ದುಲ್ ಗನಿ ಬಂದಿದ್ದ, ತಲೆ ಎತ್ತದೆ ವೈರು ಸುತ್ತುತ್ತಿದ್ದ. ಮಾಸ್ತರರು ಎದ್ದು ನಿಂತು, ಸಫಾರಿ ಸಾಹೇಬರ ಹಾಳೆ ಇದ್ದ ಅದೇ ಕಟ್ಟಿನಲ್ಲಿ ಈಗ ಕೂತಿದ್ದ ಗನಿಯ ಹಾಳೆಯನ್ನು ಎಲ್ಲರೆದುರು ತಾವೇ ಓದಿದರು. ‘ಬೀಡಿ ಹಚ್ಚುವಷ್ಟು ಮಾತ್ರ’ ಎಂಬಲ್ಲಿಗೆ ಬಂದಾಗ ಸಭೆ ಉಸಿರು ಹಿಡಿದು ಕೂತಿತು. ಹೆಡ್‌ಮಾಸ್ತರರ ಮುಂದೆ ನಗುವುದು ಹೇಗೆ?

ಮಾಸ್ತರರು ಹಾಳೆ ಕೆಳಗಿಟ್ಟು ಗನಿಯತ್ತ ತಿರುಗಿದರು. “ಮೈಕ್ ಹಚ್ಚಾಕತ್ತೀಯಲ್ಲ, ಎಲ್ಲಪ್ಪಾ ನಿನ್ನ ಸರ್ಟಿಫಿಕೇಟ್?”

ಗನಿ ಕೊರಳಿಗೆ ಕೈ ಹಾಕಿ ಇಲ್ಲದ ನಳಿಗೆಯನ್ನು ತೆಗೆದು, ಮೈಕಿನ ಎದೆಗಿಟ್ಟು, “ಜ್ವರ ಇಲ್ರಿ ಸಾಹೇಬ್ರ!” ಎಂದ.

ಆಗ ಎದ್ದ ನಗುವಿನಲ್ಲಿ ಎಲ್ಲರಿಗಿಂತ ಜೋರಾದದ್ದು, ಮೈಕಿಲ್ಲದೆಯೂ ಸ್ಟೇಷನ್ನಿನವರೆಗೆ ಕೇಳಿದ್ದು, ಆನಂದತೀರ್ಥ ಮಾಸ್ತರರದು.