ಬಿಸಿಲಿಗಿಟ್ಟ ಡಬ್ಬಿ

ಶಾಲುಬಾಯಿ ನನ್ನ ಮೈದುನನ ಹೆಂಡತಿ. ಅವಳು ಚಿಂತಾಕಿಯ ನಮ್ಮ ಮನೆಗೆ ಸೊಸೆಯಾಗಿ ಬಂದ ದಿನವೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು, ಸುಳ್ಳು ಯಾಕೆ ಹೇಳಲಿ? ನಾನು ಬಡಿದರೆ ಅದು ಬರೀ ರೊಟ್ಟಿ. ಅವಳು ಬಡಿದರೆ ಅತ್ತೆ ನೆರೆಮನೆಯವರನ್ನು ಕರೆದು ತೋರಿಸುತ್ತಾರೆ. ದಸರೆಯ ಘಟದ ಮಾತಂತೂ ಕೇಳಲೇಬೇಡಿ. ಒಂಬತ್ತು ದಿನ ದೇವರ ಕೋಣೆಯ ಕತ್ತಲಲ್ಲಿ ಮಣ್ಣಿಗೆ ಗೋಧಿ ಹಾಕಿ ಸಸಿ ಬೆಳೆಸುತ್ತೇವಲ್ಲ, ಹತ್ತನೆಯ ದಿನ ಗಂಡಸರು ರುಮಾಲಿಗೆ ಸಿಕ್ಕಿಸಿಕೊಳ್ಳುವುದು ಅವಳ ಸಸಿಯನ್ನೇ. ನನ್ನ ಗಂಡನೂ! "ಅವು ಉದ್ದ ಅದಾವಲ್ಲ" ಎಂದ, ನಾಚಿಕೆಗೆಟ್ಟವನು.

ನಾವು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗುತ್ತಿತ್ತು. ದಸರೆಯ ಮರುದಿನ ಶಾಲೆಯ ಬಸವಣ್ಣೆಪ್ಪ ಮಾಸ್ತರರು ಗಾಜಿನ ಮುಚ್ಚಳವಿದ್ದ ಎರಡು ತಗಡಿನ ಡಬ್ಬಿ ಹಿಡಿದು ಬಂದರು. ರಾಜ್ಯ ಸೇರಿದ ದಿನದ ಹಬ್ಬಕ್ಕೆ ಬೀದರದಲ್ಲಿ ಪ್ರದರ್ಶನವಂತೆ.

"ಹ್ವಾದ ವರ್ಷ ರಷ್ಯಾದವ್ರು ಆಕಾಶಕ್ಕ ನಾಯಿ ಕಳಿಸಿದ್ರಲ್ರಿ, ನಾಳಿ ಮನಷ್ಯಾ ಹೋಗ್ತಾನ. ಅಲ್ಲಿ ಮಣ್ಣಿಲ್ಲ, ಮಳಿ ಇಲ್ಲ. ತಾಜಾ ಪಲ್ಯಾ ತಿನ್ನಬೇಕಂದ್ರ ಡಬ್ಬ್ಯಾಗೇ ಬೆಳಕೋಬೇಕು. ಒದ್ದಿ ಗೋಣಿತಟ್ಟಿನ ಮ್ಯಾಲ ಮೆಂತಿ ಹಾಕ್ರಿ. ಯಾರ್ದು ಛಲೋ ಬರ್ತದ, ಅವರ ಹೆಸರಿನ ಮ್ಯಾಲ ಬೀದರಕ್ಕ ಒಯ್ತೇನಿ."

ಅಷ್ಟು ಹೇಳಿ ಅವರು ತರಬೇತಿಗೆಂದು ಭಾಲ್ಕಿಗೆ ಹೋದರು. ಆಕಾಶಕ್ಕೆ ಯಾರಾದರೂ ಹೋಗಲಿ, ಬಿಡಲಿ. ಒಂದೇ ಒಂದು ಸಲ ಅವಳಿಗಿಂತ ಮೊದಲು ನನ್ನ ಹೆಸರು ಕರೆಯಬೇಕು, ನನಗೆ ಅಷ್ಟು ಸಾಕಾಗಿತ್ತು.

ಘಟ ಇಟ್ಟಿದ್ದ ಜಾಗದಲ್ಲೇ ಇಬ್ಬರೂ ಡಬ್ಬಿ ಇಟ್ಟೆವು. ಒಳಗೆ ಬೆಳೆಸುವುದೆಂದರೆ ನಮಗೆ ಗೊತ್ತಿದ್ದದ್ದು ಅದೊಂದೇ: ಕತ್ತಲಲ್ಲಿಟ್ಟರೆ ಉದ್ದ, ಬಿಸಿಲು ಕಂಡರೆ ಗಿಡ್ಡ. ಮೂರನೆಯ ದಿನ ನೋಡುತ್ತೇನೆ, ಅವಳ ಮೆಂತೆ ನನ್ನದಕ್ಕಿಂತ ಅರ್ಧ ಬೆರಳು ಮೇಲೆ! ಇದಕ್ಕೂ ಅವಳ ಕೈಯೇ ಬೇಕಾಗಿತ್ತೇ? ನನ್ನ ತಲೆ ಕೆಟ್ಟಿತು. ಅಂದಿನಿಂದ ಅವಳು ಬಾವಿಗೆ ಹೋದ ಕೂಡಲೇ ಅವಳ ಡಬ್ಬಿಯನ್ನು ಹಿತ್ತಲಿಗೆ ಒಯ್ದು ಎಳೆಬಿಸಿಲಿಗೆ ಇಡುವುದು, ಅವಳು ಬರುವಷ್ಟರಲ್ಲಿ ಮತ್ತೆ ಒಳಗಿಡುವುದು. ಅವಳ ಸಸಿ ಮೇಲೇಳಲಿಲ್ಲ. ನನ್ನದು ಗಾಜಿಗೆ ತಲೆ ಹಚ್ಚಿತು. ಆ ವಾರ ನಾನು ಹೊಟ್ಟೆ ತುಂಬ ಉಂಡೆ.

ಮಾಸ್ತರರು ಬಂದವರೇ ಕಟ್ಟೆಯ ಮೇಲೆ ಎರಡೂ ಡಬ್ಬಿ ಇಡಿಸಿದರು. ನನ್ನದನ್ನು ನೋಡಿ ಹಣೆ ಹಣೆ ಚಚ್ಚಿಕೊಂಡರು. "ಅಯ್ಯಯ್ಯ, ಬೆಳಕಿಗಿಡ್ರಿ ಅಂತ ಹೇಳೋದೇ ಮರತಿದ್ದೆ! ಹಳದಿ ಆಗ್ಯಾವ ನೋಡ್ರಿ, ಎಲೀನೇ ಇಲ್ಲ." ಆಮೇಲೆ ಶಾಲುಬಾಯಿಯದನ್ನು ಎತ್ತಿದರು. ಗಿಡ್ಡ ಸಸಿ, ಆದರೆ ಅಗಲ ಎಲೆ, ಕಡುಹಸಿರು. "ಭಲೇ ತಂಗಿ! ಇದು ನೋಡ್ರಿ ಊಟ ಅಂದ್ರ."

ನಾನೇ ಬೆಳೆಸಿದ್ದು ಎಂದು ಕಿರುಚಬೇಕೆನಿಸಿತು. ಕಿರುಚಿದರೆ ಯಾಕೆ ಬಿಸಿಲಿಗಿಟ್ಟೆ ಎಂದೂ ಹೇಳಬೇಕಲ್ಲ.

ಬೀದರಕ್ಕೆ ಮನೆಮಂದಿಯೆಲ್ಲ ಹೋದೆವು. ಗಾಂಧಿ ಗಂಜದ ಹತ್ತಿರ ಪೆಂಡಾಲು ಹಾಕಿದ್ದರು. ಬೆಂಗಳೂರಿನ ಕಡೆಯ ಸಾಹೇಬರೊಬ್ಬರು ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಕೇಳಿದರು: "ಹೇಗಮ್ಮ ಇಷ್ಟು ಹಸಿರಾಗಿ ಬೆಳೆಸಿದಿರಿ?"

ಶಾಲುಬಾಯಿ ಹಿಂದಕ್ಕೆ ತಿರುಗಿ ನನ್ನತ್ತ ಕೈ ಮಾಡಿದಳು. "ನಮ್ಮ ಅಕ್ಕಗ ಕೇಳ್ರಿ. ದಿನಾ ಬಿಸಿಲಿಗೆ ಇಟ್ಟಾಕಿ ಅಕಿ. ನಂದೇನೂ ಇಲ್ರಿ."

ಸಾಹೇಬರು ಮಾಸ್ತರರ ಹತ್ತಿರ ನನ್ನ ಹೆಸರು ಕೇಳಿಕೊಂಡರು. "ಕೇಶರಬಾಯಿಯವರೇ, ಬನ್ನಿ" ಎಂದು ಮೈಕಿನಲ್ಲಿ ಕರೆದರು. ಇಡೀ ಪೆಂಡಾಲಿಗೆ ನನ್ನ ಹೆಸರು, ನನ್ನದೊಂದೇ. ಹಾರ ಹಾಕಿಸಿಕೊಂಡೆ. ಅತ್ತೆ ಚಪ್ಪಾಳೆ ತಟ್ಟಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳನ್ನು ಕೇಳಿದೆ. "ಯಾವಾಗ ನೋಡಿದಿ?"

"ಮೊದಲ್ನೇ ದಿನಾನೇ ನೋಡಿದ್ದೆರಿ ಅಕ್ಕಾ. ಹಗ್ಗಾ ಮರತು ತಿರುಗಿ ಬಂದಿದ್ದೆ."

"ಗಿಡ್ಡ ಆಗಲಿ ಅಂತ ಇಟ್ಟೇನಂತ ತಿಳೀಲಿಲ್ಲೇನು?"

"ತಿಳೀತ್ರಿ."

"ಮತ್ತ ಯಾಕ ಸುಮ್ಮನಿದ್ದಿ?"

"ಒಂದ ಸಲ ನೀವು ಗೆಲ್ರಿ ಅಂತ ಬಿಟ್ಟೆ." ಅಷ್ಟು ಹೇಳಿ ಬುತ್ತಿ ಬಿಚ್ಚಿದಳು.

ಹಾರ ನನ್ನ ತೊಡೆಯ ಮೇಲಿತ್ತು. ರೊಟ್ಟಿಯಲ್ಲಿ ಸೋತೆ, ಘಟದಲ್ಲಿ ಸೋತೆ. ಈಗ ಇದರಲ್ಲೂ ಅವಳೇ ಮುಂದೆ. ಅವಳು ರೊಟ್ಟಿ ಮುರಿದು ಮೊದಲ ತುತ್ತು ನನಗೇ ಕೊಟ್ಟಳು. ಎಷ್ಟು ಮೆತ್ತಗಿತ್ತು, ಹಾಳಾಗಿ ಹೋಗಲಿ!