ಒಳಗೆ ಬಿಟ್ಟ ಐದು ಇಂಚು

2019ರ ಫೆಬ್ರವರಿ 11, ಸೋಮವಾರ, ಬೆಳಿಗ್ಗೆ ಎಂಟೂ ಇಪ್ಪತ್ತು. ದರ್ಜಿಯ ದೇಹವನ್ನು ಮಹಡಿಯ ಕೋಣೆಯಿಂದ ಕೆಳಗಿಳಿಸುತ್ತಿದ್ದರು. ಸ್ಟ್ರೆಚರಿನ ತಲೆಯ ಕಡೆ ಅಳಿಯ, ಕಾಲಿನ ಕಡೆ ಪಕ್ಕದ ಅಂಗಡಿಯ ಕ್ಷೌರಿಕ, ನಡುವೆ ಏದುಸಿರು ಬಿಡುತ್ತಿದ್ದ ನೆರೆಯವರು. ತಿರುವಿನ ಮೆಟ್ಟಿಲಲ್ಲಿ ಅಳಿಯ ಮಂಡಿ ಬಗ್ಗಿಸಿದ್ದೇ ತಡ, ಅವನ ಪ್ಯಾಂಟಿನ ಹಿಂಭಾಗ ಪರ್ರೆಂದು ಬಿಚ್ಚಿಕೊಂಡಿತು.

ಎಲ್ಲರೂ ತುಟಿ ಕಚ್ಚಿಕೊಂಡರು. ಮೊದಲು ಸೋತವಳು ದರ್ಜಿಯ ಹೆಂಡತಿಯೇ. ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಆರಾಮಕುರ್ಚಿಯಲ್ಲಿ ಮಲಗಿದ ಗಂಡ ಮತ್ತೆ ಏಳದಿದ್ದಾಗಿನಿಂದ ಅತ್ತು ಊದಿಕೊಂಡಿದ್ದ ಮುಖವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕುಲುಕುಲು ನಕ್ಕಳು.

"ನಿಧಾನ ಅಳಿಯಂದಿರೇ. ತಮ್ಮ ಹೊಲಿಗೆ ಬಿಡ್ತು ಅಂತ ಗೊತ್ತಾದ್ರೆ ಎದ್ದು ಕೂತಾರು."

ಆಮೇಲೆ ನಗು ಯಾರ ಹಿಡಿತಕ್ಕೂ ಸಿಗಲಿಲ್ಲ. ಎಪ್ಪತ್ತೊಂದು ವರ್ಷ ಎಲ್ಲರನ್ನೂ ನಗಿಸಿದ್ದ ಮನುಷ್ಯನನ್ನು ನಗುತ್ತಲೇ ಹಜಾರದಲ್ಲಿ ಮಲಗಿಸಿದರು.

ಮಗಳೂ ನಕ್ಕಳು, ಆದರೆ ಅರೆಮನಸ್ಸಿನಿಂದ. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ದಿನವಿಡೀ ಊರಿನವರ ಸಕ್ಕರೆ ಅಳೆಯುತ್ತಿದ್ದರೂ ತನ್ನ ಬೆರಳಿಗೆ ಮಾತ್ರ ಸೂಜಿ ತಾಗಿಸಿಕೊಂಡಿರಲಿಲ್ಲ. ಸಕ್ಕರೆ ಕಾಯಿಲೆ ಅಪ್ಪನಿಗೆ ಇತ್ತು, ಅಪ್ಪನ ಅಪ್ಪನಿಗೂ ಇತ್ತು. ಬರುವುದು ಬಂದೇ ಬರುತ್ತದೆ, ಮುಂಚಿತವಾಗಿ ತಿಳಿದು ಏನಾಗಬೇಕು ಎಂದು ಸುಮ್ಮನಿದ್ದಳು. ಆದರೆ ಬೆಳಿಗ್ಗೆ ತಲೆ ಬಾಚುತ್ತಿದ್ದಾಗ ಅವಳ ಹತ್ತು ವರ್ಷದ ಮಗಳು ಪುಟ್ಟಿ, ಹಲ್ಲು ಯಾವಾಗ ಬೀಳುತ್ತದೆ ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದ್ದಳು: "ತಾತನ ಸಕ್ಕರೆ ಕಾಯಿಲೆ ನಂಗೆ ಯಾವಾಗ ಬರತ್ತಮ್ಮ?"

ಬರುತ್ತದೆಯೇ ಎಂದು ಕೇಳಿದ್ದರೆ ಏನೋ ಒಂದು ಹೇಳಬಹುದಿತ್ತು. ಯಾವಾಗ ಎಂದಾಗ ಕೈಯಲ್ಲಿದ್ದ ಬಾಚಣಿಗೆ ನಿಂತುಬಿಟ್ಟಿತ್ತು.

ಹಜಾರದಲ್ಲಿ ದರ್ಜಿಯ ತಂಗಿ, ಅಣ್ಣನಷ್ಟೇ ದುಂಡಗಿನ ಹೆಂಗಸು, ಬಂದವರಿಗೆಲ್ಲ ವಂಶದ ಕತೆ ಹೇಳುತ್ತಿದ್ದಳು. ಒಂದು ಕೈಯಲ್ಲಿ ಸಕ್ಕರೆ ತುಂಬಿದ ಚಹಾ, ಇನ್ನೊಂದರಲ್ಲಿ ಬೆಣ್ಣೆ ಬಿಸ್ಕತ್ತು. "ನಮ್ಮ ಮನೆ ರಕ್ತಾನೇ ಸಿಹಿ. ಅಣ್ಣ ಯಾವಾಗ್ಲೂ ಅದನ್ನೇ ಹೇಳ್ತಿದ್ದ," ಎಂದು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದಳು.

ಟವೆಲು ಸುತ್ತಿಕೊಂಡು ಮೂಲೆಯಲ್ಲಿ ನಿಂತಿದ್ದ ಅಳಿಯ, ಬಸ್ ಓಡಿಸುವವನು, ತನ್ನ ಮಾನ ಉಳಿಸಿಕೊಳ್ಳಲು ಹೆಣಗುತ್ತಿದ್ದ. "ಮದುವೆಗೆ ಮಾವ ಹೊಲಿದ ಪ್ಯಾಂಟು ಇದು. ಹನ್ನೆರಡು ವರ್ಷ ಆಯ್ತು, ಇವತ್ತಿಗೂ ಹಿಡಿಸತ್ತೆ. ನಾನೇನೂ ದಪ್ಪ ಆಗಿಲ್ಲ, ದಾರ ಹಳೇದಾಗಿದೆ ಅಷ್ಟೆ."

"ನೀವೆಲ್ಲಿ ದಪ್ಪ ಆದ್ರಿ," ಎಂದ ಕ್ಷೌರಿಕ. "ಬಸ್ಸಿನ ಸ್ಟೇರಿಂಗೇ ಹತ್ತಿರ ಬಂದಿದೆ."

ಶವದ ಗಾಡಿ ಬರಲು ಇನ್ನೂ ಹೊತ್ತಿತ್ತು. ಮಗಳು ಪ್ಯಾಂಟು ಎತ್ತಿಕೊಂಡು ಮನೆಯ ಮುಂಭಾಗದಲ್ಲಿದ್ದ ಅಂಗಡಿಗೆ ಹೋದಳು. ಪುಟ್ಟಿಯೂ ಬೆನ್ನಿಗೆ ಬಂದಳು. ಸೊಂಟದ ಪಟ್ಟಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಾಗ ಬಟ್ಟೆಯಲ್ಲಿ ಸೂಜಿ ಚುಚ್ಚಿದ ಸಣ್ಣ ತೂತುಗಳು ಕಂಡವು. ಒಂದು ಸಾಲಲ್ಲ. ಹಳೆಯ ಹೊಲಿಗೆಯ ಗುರುತು, ಅದರ ಆಚೆ ಇನ್ನೊಂದು, ಅದರಾಚೆ ಮತ್ತೊಂದು. ಪ್ರತಿ ಸಾಲೂ ಬಟ್ಟೆಯ ಅಂಚಿನ ಕಡೆಗೆ ಸರಿದಿತ್ತು. ಮುಂದೆ ಸರಿಯಲು ಜಾಗವೇ ಉಳಿದಿರಲಿಲ್ಲ.

ಯಾರದಾದರೂ ಮದುವೆ ಬಂದಾಗಲೆಲ್ಲ ಅಪ್ಪ ಬಾಗಿಲಲ್ಲಿ ನಿಂತು, ಅಳಿಯಂದಿರೇ, ಪ್ಯಾಂಟು ಕೊಡಿ, ಇಸ್ತ್ರಿ ಮಾಡಿ ಕೊಡ್ತೀನಿ ಎನ್ನುತ್ತಿದ್ದುದು ನೆನಪಾಯಿತು.

*

ಮದುವೆಗೆ ಮುಂಚೆ ಅಂಗಡಿಯ ಇದೇ ಮೇಜಿನ ಮುಂದೆ ಅವಳ ಗಂಡ ಕಡ್ಡಿಯಂತೆ ನಿಂತಿದ್ದ. ಅಪ್ಪ ಟೇಪು ಸುತ್ತಿ, "ಇಪ್ಪತ್ತೊಂಬತ್ತು," ಎಂದು ಗೊಣಗಿ, ಸೀಮೆಸುಣ್ಣದಲ್ಲಿ ಗೆರೆ ಎಳೆದ. ಕತ್ತರಿ ಮಾತ್ರ ಗೆರೆಯಿಂದ ಬಹಳ ದೂರ ಓಡಿತು.

ವರ ಹೋದ ಮೇಲೆ ಅವಳು ಕೇಳಿದ್ದಳು, ಇಷ್ಟೊಂದು ಬಟ್ಟೆ ಯಾಕೆ ಒಳಗೆ ಬಿಟ್ಟೆ ಎಂದು.

"ಐದಿಂಚು ಬಿಟ್ಟಿದೀನಿ," ಎಂದು ಅಪ್ಪ ಕಣ್ಣು ಮಿಟುಕಿಸಿದ. "ಇನ್ಮೇಲೆ ನಮ್ಮನೇಲಿ ಉಣ್ಣೋನಲ್ವಾ."

ಗಿರಾಕಿಗಳಿಗೂ ಅವನದು ಅದೇ ಉಪಚಾರ. ಹಳೆಯ ಬಟ್ಟೆ ಬಿಗಿಯಾಯಿತೆಂದು ಮುಖ ಸಪ್ಪೆ ಮಾಡಿಕೊಂಡು ಬಂದವರಿಗೆ, ನೀವು ದಪ್ಪ ಆಗಿಲ್ಲ, ಒಗೆದ ಬಟ್ಟೆ ಕುಗ್ಗುತ್ತೆ ಎಂದು ಸಮಾಧಾನ ಹೇಳಿ, ಸಿಹಿ ಚಹಾ ಕುಡಿಸಿ, ಸದ್ದಿಲ್ಲದೆ ಹೊಲಿಗೆ ಸಡಿಲಿಸಿ ಕಳಿಸುತ್ತಿದ್ದ. ಅವನ ಅಂಗಡಿಯಿಂದ ಬೇಸರದಲ್ಲಿ ಹೊರಟವರೇ ಇರಲಿಲ್ಲ.

*

ಪುಟ್ಟಿ ತೂತಿನ ಸಾಲುಗಳ ಮೇಲೆ ಬೆರಳಾಡಿಸಿದಳು. ಏನೆಂದು ಅಮ್ಮ ವಿವರಿಸಿದಾಗ ಹುಬ್ಬು ಗಂಟಿಕ್ಕಿ ಯೋಚಿಸಿದಳು.

"ಅಪ್ಪ ತಾತನ ಮಗ ಅಲ್ವಲ್ಲ?"

"ಅಲ್ಲ."

"ಮತ್ತೆ ತಾತನ ಹೊಟ್ಟೆ ಅಪ್ಪಂಗೆ ಎಲ್ಲಿಂದ ಬಂತು?"

ಲ್ಯಾಬಿನವಳಿಗೆ ಮೊದಲು ನಗು ಬಂತು. ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಬಾಯಲ್ಲಿ ರಕ್ತ, ರಕ್ತ ಎನ್ನುತ್ತಿದ್ದ ಅಪ್ಪನ ಕತ್ತರಿಗೆ ಎಲ್ಲವೂ ಗೊತ್ತಿತ್ತು.

"ನಮ್ಮ ಊಟದ ಮೇಜಿಂದ ಬಂತು," ಎಂದಳು ಕೊನೆಗೆ. "ರಕ್ತದ ಪಾಲೂ ಇದೆ ಪುಟ್ಟಿ, ಇಲ್ಲ ಅನ್ನಲ್ಲ. ಆದ್ರೆ ಎಲ್ಲಾ ಅದರದ್ದೇ ಅಲ್ಲ. ಬೆಳಿಗ್ಗೆ ಯಾವಾಗ ಅಂತ ಕೇಳ್ದಲ್ಲ, ಬರಲೇಬೇಕು ಅಂತೇನಿಲ್ಲ."

"ಹಂಗಾದ್ರೆ ನಿಂಗೆ?"

"ನಾಳೆ ಖಾಲಿ ಹೊಟ್ಟೇಲಿ ಹೋಗಿ ಸಕ್ಕರೆ ನೋಡಿಸ್ಕೋತೀನಿ."

ಅಂಗಡಿಯ ಮೇಜಿನ ಮೇಲೆ ಅಪ್ಪ ತನಗಾಗಿ ಕತ್ತರಿಸಿ, ಹೊಲಿಯದೆ ಬಿಟ್ಟಿದ್ದ ಬೂದು ಬಟ್ಟೆಯಿತ್ತು. ಅದರಿಂದ ಒಂದು ಮುಕ್ಕೋನದ ತುಂಡು ತೆಗೆದು ಕಪ್ಪು ಪ್ಯಾಂಟಿನ ಹಿಂದೆ ಜೋಡಿಸಿದಳು. ಹೊಲಿಗೆ ಸೊಟ್ಟಗಾಯಿತು, ಗಟ್ಟಿಯಾಯಿತು.

ಹನ್ನೊಂದಕ್ಕೆ ಗಾಡಿ ಬಂತು. ಅಳಿಯ ಬಗ್ಗಿ ಮಾವನನ್ನು ಎತ್ತಿದಾಗ ಬೂದು ತುಂಡು ಎಲ್ಲರಿಗೂ ಕಂಡಿತು, ಅದು ಯಾರ ಬಟ್ಟೆಯೆಂದು ದರ್ಜಿಯ ಹೆಂಡತಿಗೆ ಗೊತ್ತಾಯಿತು. ಅವಳು ಅಳಿಯನ ಬೆನ್ನು ತಟ್ಟಿ, ಅವರ ಕೊನೇ ಗಿರಾಕಿ ನೀವೇ ಎಂದಳು.

ಮಣ್ಣು ಮಾಡಿ ಮರಳಿದ ಮೇಲೆ ಪುಟ್ಟಿ ಅಂಗಡಿಯಲ್ಲಿ ತಾತನ ಟೇಪನ್ನು ಕೊರಳಿಗೆ ಹಾಕಿಕೊಂಡು ಕಾಯುತ್ತಿದ್ದಳು. ಅಮ್ಮನನ್ನು ನೇರ ನಿಲ್ಲಿಸಿ ಸೊಂಟಕ್ಕೆ ಸುತ್ತಿದಳು. ಅಮ್ಮ ಹೊಟ್ಟೆ ಒಳಗೆಳೆದುಕೊಂಡಳು.

"ಉಸಿರು ಬಿಡಮ್ಮ."

ಅಮ್ಮ ಉಸಿರು ಬಿಟ್ಟಳು. ಪುಟ್ಟಿಯ ಬೆರಳು ಟೇಪಿನ ಮೇಲೆ ಜಾರಿ, ಜಾರಿ, ಒಂದು ಕಡೆ ನಿಂತಿತು.

ಮೂವತ್ತೆಂಟೂವರೆ ಇಂಚು.