ಕೇಳದೆ ತುಂಬಿದ ಫಾರಂ

ಸಮೀಕ್ಷೆಗೆ ಹೋದವನು ತನಗೆ ಗೊತ್ತಿದೆ ಅಂದುಕೊಂಡದ್ದನ್ನೂ ಕೇಳಿಯೇ ಬರೆದುಕೊಳ್ಳಬೇಕು. ಸಂಶೋಧನಾ ವಿಧಾನದ ಪರೀಕ್ಷೆಯಲ್ಲಿ ಈ ಉತ್ತರಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು. ಪುಸ್ತಕದ ಬದನೆಕಾಯಿ ಅನ್ನುವ ಮಾತು ಹುಟ್ಟಿದ್ದು ನನ್ನಂಥವರನ್ನು ನೋಡಿಯೇ ಇರಬೇಕು.

ಕಾಲೇಜಿನಿಂದ ನಮ್ಮನ್ನು ಮತದಾನದ ಸಮೀಕ್ಷೆಗೆ ಕಳಿಸಿದ್ದರು. ನನ್ನ ಪಟ್ಟಿಯ ಕೊನೆಯ ಮನೆ ಸೋದರಮಾವನದು, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿ. ಮಾತಾಡಿಸಬೇಕಾದ್ದು ಅತ್ತೆಯನ್ನು. ಬೆಳಗ್ಗೆಯಿಂದ ಮೆಟ್ಟಿಲು ಹತ್ತಿಳಿದು ಮೊಣಕಾಲು ಸೋತಿತ್ತು. ಹೈಸ್ಕೂಲಿನ ಮೂರು ವರ್ಷ ಅತ್ತೆಯ ಕೈಯಲ್ಲೇ ಉಂಡವನು ನಾನು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಕೆಳಗಿನ ಮೆಟ್ಟಿಲ ಮೇಲೆ ಕೂತು ನಾನೇ ತುಂಬಿಬಿಟ್ಟೆ.

ಯಾರಿಗೆ ಮತ ಹಾಕಬೇಕೆಂದು ತೀರ್ಮಾನಿಸುವವರು ಯಾರು? 'ನಾನೇ.' ತರಕಾರಿಯವನೂ ಹೆದರುವ ಅತ್ತೆಯ ಹೆಸರಿನಲ್ಲಿ ಬೇರೇನು ಬರೆಯಲಿ? ಕಳೆದ ಸಲ ಯಾಕೆ ಮತ ಹಾಕಲಿಲ್ಲ? 'ತಲೆನೋವು.' ಅವತ್ತು ಮಾವ ಹಾಗೇ ಹೇಳಿದ್ದರು.

ಹತ್ತು ಫಾರಮ್ಮಿಗೆ ಒಂದರಂತೆ ಮೇಲ್ವಿಚಾರಕರು ಆ ಮನೆಗೆ ಮತ್ತೆ ಹೋಗಿ, ಅದೇ ಪ್ರಶ್ನೆ ಕೇಳಿ ತಾಳೆ ನೋಡುತ್ತಾರೆ. ವಾರದ ನಂತರ ನಮ್ಮ ಮೇಲ್ವಿಚಾರಕಿ ಮೇಡಂ ಅತ್ತೆಯ ಎರಡು ಫಾರಂ ಅಕ್ಕಪಕ್ಕ ಇಟ್ಟರು, ನನ್ನದೊಂದು, ತಾವು ಹೋಗಿ ತುಂಬಿದ್ದೊಂದು. ನನ್ನ 'ನಾನೇ' ಇದ್ದ ಕಡೆ ಅವರದರಲ್ಲಿ 'ಗಂಡ' ಎಂದಿತ್ತು. ಕೆಳಗೆ: 'ಗುರುತಿನ ಚೀಟಿ ಗಂಡನ ಬೀರುವಿನಲ್ಲಿ. ಹದಿನೆಂಟು ವರ್ಷದಿಂದ ಮತ ಹಾಕಿಲ್ಲ. ಮತದಾನದ ದಿನ ಹೊರಗಿನಿಂದ ಬೀಗ.'

"ನೀನು ಬಂದಿದ್ದೆ ಅಂತ ಆಕೆ ಹೇಳಿದ್ರು. ಗಂಡನ ಎದುರಿಗೇ ಕೇಳಿದ್ಯಾ?"

ಹೌದೆಂದು ತಲೆಯಾಡಿಸಿದೆ. ಅದೂ ಸುಳ್ಳೇ.

"ಇನ್ಮೇಲೆ ಒಬ್ಬರೇ ಇದ್ದಾಗ ಕೇಳಪ್ಪಾ. ಇಲ್ಲದಿದ್ರೆ ಇಂಥ ಉತ್ತರಾನೇ ಸಿಗೋದು."

ಅಷ್ಟಕ್ಕೇ ಬಿಟ್ಟುಬಿಟ್ಟರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಳೆದ ಸಲ ಮಾವನ ಜೊತೆ ಮತಗಟ್ಟೆಗೆ ಹೋದವನು ನಾನೇ. ಅವರು ಬೀಗ ಹಾಕುವಾಗ ಪಕ್ಕದಲ್ಲೇ ನಿಂತು, "ಪಾಪ, ಅತ್ತೆ ಮಲಗಲಿ ಬಿಡಿ" ಅಂದಿದ್ದೆ.

ಅಂದೇ ಮಧ್ಯಾಹ್ನ ಮೂರು ಮಹಡಿ ಹತ್ತಿದೆ. ಅತ್ತೆ ಒಬ್ಬರೇ ಇದ್ದರು, ಮಾವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು.

"ಆಯಮ್ಮ ತಂದಿದ್ದ ಫಾರಂ ಮೇಲೆ ನಿನ್ನ ಹೆಸರು ನೋಡ್ದೆ ಕಣೋ. ನಿನ್ನ ತಲೆ ಮೇಲೆ ಬರಬಾರದು ಅಂತ, ಬಂದಿದ್ದ ಅಂತಲೇ ಹೇಳ್ದೆ."

"ನನಗ್ಯಾಕೆ ಹೇಳ್ಲಿಲ್ಲ ಅತ್ತೆ, ಇಷ್ಟು ವರ್ಷ?"

"ನೀನು ಕೇಳ್ಲಿಲ್ಲವಲ್ಲ ಮಗಾ. ಆಯಮ್ಮ ಕೇಳಿದ್ರು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನಾನು ಬ್ಯಾಗಿನಿಂದ ಖಾಲಿ ಫಾರಂ ತೆಗೆದೆ. ಅತ್ತೆ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಹ್ಞೂಂ, ಕೇಳು."

ಮೊದಲ ಪ್ರಶ್ನೆ ಓದುವಷ್ಟರಲ್ಲಿ ಮೆಟ್ಟಿಲ ಮೇಲೆ ಮಾವನ ಕೆಮ್ಮು ಕೇಳಿಸಿತು. ಅತ್ತೆ ಕದಲಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಫಾರಂ ಮಡಚಿ ಬ್ಯಾಗಿಗೆ ತುರುಕಿದೆ. ಎದ್ದು ಹೋಗಿ ಬಾಗಿಲು ತೆಗೆದು, "ಬನ್ನಿ ಮಾವ" ಅಂದೆ, ನಗುತ್ತಾ.